ಡಾಲ್ಫಿನ್ ಎಡಕ್ಕೆ, ಅವ್ವ ಬಲಕ್ಕೆ

ಕಳೆದ ವರ್ಷ ಫೆಬ್ರುವರಿಯ ಎರಡನೇ ಶನಿವಾರ, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ, ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುವ ಜಾಗದಲ್ಲಿ ಒಂದು ದೋಣಿಯ ಎಡಬದಿಗೆ ಡಾಲ್ಫಿನ್‌ಗಳು ಎದ್ದವು. ದೋಣಿಯಲ್ಲಿ ಇಳಕಲ್ಲಿನ ಹನ್ನೊಂದು ಹೆಂಗಸರಿದ್ದೆವು. ಹತ್ತು ಮಂದಿ ಎಡಕ್ಕೆ ನೋಡಿದೆವು. ನನ್ನ ಅವ್ವ ಬಲಕ್ಕೆ ನೋಡಿದಳು.

ಆ ದಿನದ ಟಿಪ್ಪಣಿ ಪುಸ್ತಕ ನನ್ನ ಬಳಿ ಇದೆ. ನಾನು ಬಾಗಲಕೋಟೆಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಹುನಗುಂದದ ಕೋರ್ಟಿಗೆ ಹೋಗಲಿ, ಬಾದಾಮಿಯ ತಾಲ್ಲೂಕು ಕಚೇರಿಗೆ ಹೋಗಲಿ, ಮೊದಲು ಗಂಟೆ ಬರೆದುಕೊಂಡು ಆಮೇಲೆ ಕಂಡದ್ದನ್ನು ಬರೆಯುವುದು ಬಹಳ ವರ್ಷಗಳ ರೂಢಿ. ರಜೆಯ ದಿನವೂ ಅದು ಬಿಡಲಿಲ್ಲ. ಆ ಪುಟದಲ್ಲಿ ಹೀಗಿದೆ: "ಎಂಟೂವರೆ. ಐದು, ಇಲ್ಲವೇ ಆರು. ಬೂದು ಬಣ್ಣ. ಬೆನ್ನ ಮೇಲೆ ಗೂನು. ಒಂದು ಮರಿ." ಅವ್ವನ ವಿಷಯ ಅಲ್ಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಅವ್ವ ಇಳಕಲ್ಲಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅಣ್ಣ ಸೀರೆ ನೇಯುತ್ತಾನೆ. ಮಗ್ಗ ಅವ್ವನ ತವರಿನ ಕಡೆಯಿಂದ ಬಂದದ್ದು. ಅಪ್ಪ ನೇಕಾರನಲ್ಲ, ಊರ ಹೊರಗಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಪಾಲಿಶ್ ಮಾಡುತ್ತಿದ್ದ. ಕಲ್ಲಿನ ಧೂಳು ಎದೆಗಿಳಿದು, ಕೊನೆಯ ಎರಡು ವರ್ಷ ಉಸಿರಿಗಾಗಿ ಹೆಣಗಿ ಹೋದ. ಅದಾಗಿ ಬಹಳ ದಿನಗಳಾದವು.

ಅವ್ವನ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆಯ ಒಡಲಿನ ಹಾಸು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ಹತ್ತಿ ನೂಲಿನದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಪ್ರತಿ ಸೀರೆಗೂ ಈ ಎರಡು ಹಾಸುಗಳ ಎಳೆಗಳನ್ನು ಒಂದೊಂದಾಗಿ, ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಸಾವಿರಾರು ಎಳೆಗಳಿರುತ್ತವೆ. ನಮ್ಮ ಓಣಿಯಲ್ಲಿ ಇದು ಹೆಂಗಸರ ಕೆಲಸ, ಮತ್ತು ಇದಕ್ಕೊಂದು ಮರ್ಯಾದೆಯ ಲೆಕ್ಕವಿದೆ. ಕೊಂಡಿ ಹಾಕುವಾಗ ಎಳೆಯನ್ನು ದಿಟ್ಟಿಸುತ್ತ ಕೂತವಳು ಇನ್ನೂ ಕಲಿಯುತ್ತಿದ್ದಾಳೆ ಎಂದರ್ಥ. ಪಳಗಿದವಳು ಬಾಗಿಲ ಕಡೆ ಮುಖ ಮಾಡಿ, ಹೋಗಿ ಬರುವವರನ್ನು ಮಾತಾಡಿಸುತ್ತ, ಕೈ ಮಾತ್ರ ಆಡಿಸುತ್ತಾಳೆ. "ಬೆರಳಿಗೆ ಕಣ್ಣ ಬರಬೇಕವಾ" ಎಂದು ಹೊಸದಾಗಿ ಬಂದ ಸೊಸೆಯಂದಿರಿಗೆ ಹೇಳುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ.

ಆ ಪ್ರವಾಸಕ್ಕೆ ಎರಡು ವರ್ಷ ಮೊದಲು, ಪತ್ರಿಕೆಯ ಭಾನುವಾರದ ಪುಟಕ್ಕೆ ಕೊಂಡಿ ಹಾಕುವ ಹೆಂಗಸರ ಬಗ್ಗೆ ನಾನು ಬರೆದಿದ್ದೆ. ದೊಡ್ಡ ಚಿತ್ರ ಅವ್ವನದು. ನನ್ನ ತಾಯಿ ಎಂದು ಬರೆಯಲಿಲ್ಲ, "ಓಣಿಯ ಹಿರಿಯಳು" ಎಂದಷ್ಟೇ ಬರೆದೆ. ಚಿತ್ರದಲ್ಲಿ ಅವಳ ಮುಖ ಬಾಗಿಲಿನ ಬೆಳಕಿಗೆ ತಿರುಗಿದೆ, ಕೈಗಳು ಎಳೆಗಳ ಮೇಲಿವೆ. ಕೆಳಗೆ ನಾನು ಕೊಟ್ಟ ಸಾಲು: "ಕಣ್ಣು ಬೇಡದ ಕೈ." ನೂಲು ಕೊಟ್ಟು ಸೀರೆ ನೇಯಿಸುವ ಸಾವುಕಾರರು ಆ ಪುಟಕ್ಕೆ ಗಾಜಿನ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಬಿಟ್ಟರು. ಗಿರಾಕಿಗಳಿಗೆ ತೋರಿಸುತ್ತಿದ್ದರು. ಅವ್ವನನ್ನು ಅಂಗಡಿಗೆ ಕರೆಸಿ ಒಂದು ಸೀರೆ ಉಡಿಸಿ ಕಳಿಸಿದರು.

ಪ್ರವಾಸ ಓಣಿಯ ಹೆಂಗಸರ ಸಂಘದ್ದು. ಒಂದು ಟೆಂಪೊ ಟ್ರಾವೆಲರ್ ಗೊತ್ತು ಮಾಡಿ ಸಮುದ್ರ ನೋಡಿ ಬರುವುದೆಂದು ಠರಾವಾಯಿತು. ಹೆಂಗಸರಲ್ಲಿ ಸಮುದ್ರವನ್ನು ಮೊದಲೇ ನೋಡಿದ್ದವರು ಇಬ್ಬರೇ. ಅವ್ವ ಮೊದಲು ಒಲ್ಲೆ ಎಂದಳು. ಆಮೇಲೆ, ವೈನಿ ಜೊತೆಗೆ ಬಂದರೆ ಮಾತ್ರ ಬರುತ್ತೇನೆ ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ. ಅತ್ತೆ ಸೊಸೆಯನ್ನು ಬಿಟ್ಟು ಇರಲಾರಳು ಎಂದು ಓಣಿಯವರು ನಗೆಯಾಡಿದರು. ನಾನೂ ಹಾಗೆಯೇ ತಿಳಿದೆ.

ಶುಕ್ರವಾರ ಬೆಳಿಗ್ಗೆ ಇಳಕಲ್ ಬಿಟ್ಟ ಗಾಡಿ ಹುನಗುಂದ, ಅಮೀನಗಡ, ಬಾದಾಮಿ ದಾಟಿ ಕುಳಗೇರಿ ಕ್ರಾಸಿಗೆ ಬಂತು. ನಾನು ಬಾಗಲಕೋಟೆಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಚಹಾದಂಗಡಿಯ ಮುಂದೆ ಕಾಯುತ್ತಿದ್ದೆ. ಅವ್ವ ಎಡಗಡೆಯ ಕಿಟಕಿಗೆ ಕೂತಿದ್ದಳು. ಗಾಡಿ ನನ್ನ ಪಕ್ಕದಲ್ಲೇ ನಿಂತಿತು. ಎರಡು ಮೊಳ ದೂರದಿಂದ ಕೈ ಬೀಸಿದೆ. ಅವಳು ಅಲುಗಲಿಲ್ಲ.

"ಏನವಾ, ಮಗಳ ಗುರುತ ಹತ್ತಲಿಲ್ಲೇನ?" ಎಂದೆ.

ತಟ್ಟನೆ ಮುಖ ತಿರುಗಿಸಿದಳು. "ನೀ ಬಾಯಿ ತಗದ್ರ ಗುರುತ ಹತ್ತತೈತಿ. ಸುಮ್ಮನ ನಿಂತ್ರ ಯಾರೋ ಆಫೀಸರ್ ಬಾಯಿ ಅನ್ಕೋಬೇಕು."

ಗಾಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಹಿಂದಿನ ಸೀಟಿನಲ್ಲಿ ನಮ್ಮ ಎದುರು ಮನೆಯ ಚಾಚಿ ಕೂತಿದ್ದಳು. ಅವಳ ಮನೆಯಲ್ಲೂ ಮಗ್ಗವಿದೆ. ಅವ್ವ ಮತ್ತು ಅವಳು ಒಟ್ಟಿಗೇ ಕೊಂಡಿ ಕಲಿತವರು. ಹುಬ್ಬಳ್ಳಿ ದಾಟುವತನಕ ಅವಳ ಬಾಯಿಗೆ ಬಿಡುವಿರಲಿಲ್ಲ. ಯಲ್ಲಾಪುರದ ಘಟ್ಟದಲ್ಲಿ ಗಾಡಿ ಹೊರಳಿದಾಗಲೆಲ್ಲ "ಯಾ ಅಲ್ಲಾ" ಎನ್ನುವುದು, ಗಾಡಿ ನೆಟ್ಟಗಾದ ಕೂಡಲೇ ಡ್ರೈವರನಿಗೆ "ತಮ್ಮಾ, ನಿನ್ನ ಲಗ್ನ ಆಗೇತೇನ? ಆಗಿದ್ರ ಸಾವಕಾಶ ಹೊಡಿ, ಆಗಿರದಿದ್ರ ಇನ್ನೂ ಸಾವಕಾಶ ಹೊಡಿ" ಎನ್ನುವುದು.

ಸಂಜೆ ಕಾರವಾರದ ದಂಡೆಗೆ ಹೋದೆವು. ಅವ್ವ ವೈನಿಯ ಕೈ ಹಿಡಿದು ಮರಳಿಗಿಳಿದಳು. ಮರಳಿನಲ್ಲಿ ಕಾಲು ಹೂಳುವುದರಿಂದ ಎಲ್ಲರೂ ಯಾರದಾದರೂ ಕೈ ಹಿಡಿದೇ ಇದ್ದರು. ತೆರೆ ಬಂದು ಪಾದ ಮುಟ್ಟಿದಾಗ ಅವಳು ನಿಂತಳು. "ಎಷ್ಟ ದೊಡ್ಡದೈತಿ" ಎಂದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ನೀರಿಗೆ ಇಟ್ಟು, ಬೆರಳ ಸಂದಿನಿಂದ ತೆರೆ ಹೋಗಲು ಬಿಟ್ಟಳು. ನನ್ನ ಪುಸ್ತಕದಲ್ಲಿ ಅದು ಇದೆ: "ಅವ್ವ ನೀರಿನಲ್ಲಿ ಕೈ ಇಟ್ಟು ಕೂತಿದ್ದಾಳೆ, ಇಪ್ಪತ್ತು ನಿಮಿಷ."

ಮರುದಿನ ಬೆಳಿಗ್ಗೆ ನದಿಯ ಆಚೆ ದಂಡೆಗೆ ಹೋಗಲು ದೋಣಿ ಹತ್ತಿದೆವು. ದೋಣಿಯವನಿಗೆ ಐವತ್ತರ ಮೇಲಾಗಿರಬೇಕು. ನಾವು ಕೂರುವ ಮೊದಲೇ ಹೇಳಿದ: "ಡಾಲ್ಫಿನ್ ತೋರ್ಸಿ ಅಂತ ಕೇಳ್ಬೇಡಿ ಮತ್ತೆ. ವಾರ ಆಯ್ತು, ಒಂದೂ ಕಂಡಿಲ್ಲ. ಆಚೆ ಬಿಟ್ಟು ಕರ್ಕೊಂಡು ಬರ್ತೇನೆ, ಅಷ್ಟೇ."

"ನಾವೆಲ್ಲಿ ಕೇಳೀವಿ?" ಎಂದಳು ಚಾಚಿ. "ಅದು ತಿನ್ನೂದೋ ಉಡೂದೋ ಅದೂ ನಮಗ ಗೊತ್ತಿಲ್ಲ."

ನದಿ ಸಮುದ್ರಕ್ಕೆ ಸೇರುವಲ್ಲಿ ಉಡಿ ತುಂಬಬೇಕೆಂದು ಹೆಂಗಸರು ಗುಳೇದಗುಡ್ಡದ ಒಂದು ಕುಪ್ಪಸದ ಖಣ, ಅರಿಸಿನ, ಅಕ್ಕಿ, ಕೊಬ್ಬರಿ ಬಟ್ಟಲು ತಂದಿದ್ದರು. ಖಣ ಕೈಗೆ ತೆಗೆದುಕೊಂಡದ್ದೇ ದೋಣಿಯವನು ತಡೆದ. "ಬಟ್ಟೆ ನೀರಿಗೆ ಹಾಕ್ಬೇಡಿ ಅಮ್ಮ. ಇಂಜಿನ್ನಿಗೆ ಸುತ್ಕೊಳ್ತದೆ. ಕೆಳಗಿರೋ ಜೀವಕ್ಕೂ ಸುತ್ಕೊಳ್ತದೆ." ಸ್ವಲ್ಪ ಹೊತ್ತು ವಾದವಾಯಿತು. ಕೊನೆಗೆ ಅಕ್ಕಿ, ಅರಿಸಿನ ಮಾತ್ರ ನೀರಿಗೆ ಬಿಟ್ಟು ಖಣವನ್ನು ಅವ್ವನ ಮಡಿಲಿಗೆ ಹಾಕಿದರು.

ನದಿಯ ಕೆಂದು ನೀರು ಸಮುದ್ರದ ಹಸಿರಿಗೆ ಸೇರುವ ಗೆರೆಯೊಂದು ಅಲ್ಲಿ ಕಾಣುತ್ತದೆ. ಅದನ್ನು ದಾಟುತ್ತಿದ್ದ ಹಾಗೆ ದೋಣಿಯವನು ಎದ್ದು ನಿಂತ. "ಅಲ್ಲಿ! ಅಲ್ಲಿ ನೋಡಿ!"

ಎಡಕ್ಕೆ, ಹತ್ತು ಮಾರು ದೂರದಲ್ಲಿ, ಒಂದು ಬೆನ್ನು ಎದ್ದು ಬಾಗಿ ಮುಳುಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎರಡು ಕೂಡಿಯೇ ಎದ್ದವು. ಒಂದು ದೊಡ್ಡದು, ಅದರ ಮಗ್ಗುಲಿಗೆ ಅಂಟಿದ ಹಾಗೆ ಒಂದು ಚಿಕ್ಕದು. ಹೆಂಗಸರು ಒಮ್ಮೆಲೇ ಕೂಗಿದರು. ದೋಣಿ ಎಡಕ್ಕೆ ವಾಲಿತು. ದೋಣಿಯವನು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಗದರಿದ.

"ಅಬ್ಬಾ, ಎಂಥಾ ಮೀನಲೇ ಇದು!" ಎಂದಳು ಚಾಚಿ.

"ಮೀನಲ್ಲ ಅಮ್ಮ. ಇದು ಮರಿ ಹಾಕಿ ಹಾಲು ಕುಡಿಸೋ ಜಾತಿ."

"ಹಾಲ ಕುಡಸ್ತೈತಿ ಅಂದ್ರ ನಮ್ಮ ಜಾತಿನ ಆತು ಬಿಡ್ರಿ. ನೋಡ್ರೇ, ಬಾಣಂತಿ ಈಸಾಕ ಹೊಂಟಾಳ!"

ನಾನು ಗಂಟೆ ನೋಡಿಕೊಂಡು ಬರೆಯತೊಡಗಿದೆ. ಬರೆಯುತ್ತಲೇ, ಅವ್ವ ಏನನ್ನುತ್ತಾಳೆ ಎಂದು ತಲೆ ಎತ್ತಿದೆ. ಅವಳು ನನ್ನ ಎದುರಿಗೇ ಕೂತಿದ್ದಳು. ಮಡಿಲಿನ ಖಣವನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅವಳ ಮುಖ ಪೂರ್ತಿ ಬಲಕ್ಕೆ ತಿರುಗಿತ್ತು. ಬಲಕ್ಕೆ ಬರಿ ನೀರಿತ್ತು.

"ಏನ ಚೆಂದ ಅದಾವು" ಎಂದಳು ಆ ನೀರಿಗೆ.

ಅವಳ ಪಕ್ಕದಲ್ಲಿದ್ದ ವೈನಿಯ ಕೈ ಮೇಲೆದ್ದಿತು. ಎರಡು ಬೆರಳು ಅವ್ವನ ಎಡಭುಜವನ್ನು ಮುಟ್ಟಿದವು. ಅಷ್ಟೇ. ಅವ್ವ ಕೂಡಲೇ ಎಡಕ್ಕೆ ತಿರುಗಿದಳು. ಆ ಬೆರಳಿನಲ್ಲಿ ಗಾಬರಿಯಿರಲಿಲ್ಲ, ಅವ್ವನ ತಿರುಗುವಿಕೆಯಲ್ಲಿ ತಡವರಿಕೆಯಿರಲಿಲ್ಲ. ಇದು ಮೊದಲ ಸಲ ನಡೆದದ್ದಲ್ಲ ಎಂದು ನನಗೆ ಗೊತ್ತಾಯಿತು. ವೈನಿ ತಲೆ ಎತ್ತಿದಾಗ ನಾನು ನೋಡುತ್ತಿರುವುದನ್ನು ಕಂಡರು. ಮುಖ ತಗ್ಗಿಸಿದರು.

ದೋಣಿಯವನು ಇಂಜಿನ್ ಆರಿಸಿದ. ಹೆಂಗಸರು ಸುಮ್ಮನಾದರು. ಆಗ ಉಸಿರು ಕೇಳಿಸಿತು. ಬೆನ್ನು ನೀರಿನಿಂದ ಮೇಲೆದ್ದಾಗಲೆಲ್ಲ ತಿದಿ ಒತ್ತಿದ ಹಾಗೆ ಒಂದು ಸದ್ದು, ಆಮೇಲೆ ಸಣ್ಣಗೆ ಒಳಕ್ಕೆ ಎಳೆದುಕೊಳ್ಳುವ ಇನ್ನೊಂದು ಸದ್ದು. ಅವ್ವ ಖಣ ಹಿಡಿದಿದ್ದ ಕೈ ಬಿಗಿ ಮಾಡಿದಳು.

"ಅವು ಉಸರ ಬಿಡಾಕತ್ತಾವೇನು?"

"ಹೌದಮ್ಮ" ಎಂದ ದೋಣಿಯವನು. "ಉಸಿರಿಗೆ ಮೇಲೆ ಬರ್ಲೇಬೇಕು. ಇಲ್ದಿದ್ರೆ ಸಾಯ್ತಾವೆ."

"ಇವರಪ್ಪಂದು ಕಡೀಕ ಹಿಂಗ ಇತ್ತು" ಎಂದಳು ಅವ್ವ, ನನ್ನ ಕಡೆ ಕೈ ತೋರಿಸಿ. ಕೈ ಸರಿಯಾಗಿ ನನ್ನ ಕಡೆಗೇ ಬಂತು.

ಡಾಲ್ಫಿನ್‌ಗಳು ಇನ್ನೂ ಸ್ವಲ್ಪ ಹೊತ್ತು ಇದ್ದು, ಸಮುದ್ರದ ಕಡೆ ಹೊರಟುಹೋದವು.

ಆಚೆ ದಂಡೆಯಲ್ಲಿ ಹೆಂಗಸರು ಗಾಳಿಮರದ ನೆರಳಿಗೆ ಬುತ್ತಿ ಬಿಚ್ಚಿದರು. ನಾನು ವೈನಿಯನ್ನು ಸ್ವಲ್ಪ ದೂರ ಕರೆದುಕೊಂಡು ಹೋದೆ.

"ಯಾವಾಗಿಂದ?" ಎಂದೆ.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. "ಎಡಗಣ್ಣ ಪೂರ್ತಿ ಹೋಗೇತಿ. ಬಲಗಣ್ಣಾಗ ನಟ್ಟನಡುವ ಒಂದೀಟ ಕಾಣಸ್ತೈತಂತ. ಬಾಗಲದ ಕೀಲಿ ಕಿಂಡ್ಯಾಗಿಂದ ನೋಡಿದಂಗ ಅಂತಾರು."

"ಯಾವಾಗಿಂದ, ವೈನಿ?"

"ನೀ ಪೇಪರದಾಗ ಬರೆಯೂಕಿಂತ ಮೊದಲ."

ನಾನು ಅಲ್ಲೇ ಮರಳಿನ ಮೇಲೆ ಕೂತೆ. ವೈನಿಯೂ ಕೂತರು. ಒಂದೊಂದಾಗಿ ಹೇಳಿದರು. ನೂಲು ಒರಟು, ರೇಷ್ಮೆ ನುಣುಪು. ಕೊಂಡಿಗೆ ಅವ್ವನಿಗೆ ಕಣ್ಣು ಬೇಕಾಗಲಿಲ್ಲ. ಅಂಚಿನಲ್ಲಿ ಮಾತ್ರ ಬೇರೆ ಬೇರೆ ಬಣ್ಣದ ಎಳೆಗಳು ಬರುತ್ತವೆ, ಅವನ್ನು ವೈನಿ ಹಾಕುತ್ತಿದ್ದರು. ಅಣ್ಣ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ, ಬೆನ್ನು ಮಾಡಿ ಕೂತಿರುತ್ತಿದ್ದ, ಅವನಿಗೆ ಗೊತ್ತಿಲ್ಲ. ಓಣಿಯಲ್ಲಿ ಯಾರಾದರೂ ಎಡಗಡೆಯಿಂದ ಬಂದರೆ ವೈನಿ ಭುಜ ಮುಟ್ಟುತ್ತಿದ್ದರು. ಅವ್ವ ಬಾಗಿಲ ಕಡೆ ಮುಖ ಮಾಡಿ ಕೂತು ಕೈ ಆಡಿಸುವುದನ್ನು ನೋಡಿದವರೆಲ್ಲ ಹೊಗಳುತ್ತಿದ್ದರು. ಎದುರು ಮನೆಯ ಚಾಚಿ ಕೂಡ, ಜೊತೆಗೇ ಕಲಿತವಳು, "ನಿನ್ನ ಕೈ ನನಗ ಬರಲಿಲ್ಲ ನೋಡ" ಎನ್ನುತ್ತಿದ್ದಳಂತೆ.

"ನನಗರ ಹೇಳಬಾರದಿತ್ತೇನ್ರಿ?"

"ಆಣಿ ಹಾಕಿಸಿಕೊಂಡಿದ್ರು. ನಿನಗಂತೂ ಹೇಳಬ್ಯಾಡ ಅಂತ."

ಯಾಕೆ ಎಂದು ಕೇಳಿದೆ. "ನೀನ ಕೇಳು" ಎಂದರು. "ಅದು ಅವರ ಬಾಯಿಲೆನ ಬರಲಿ."

ಸೋಮವಾರ ಅವ್ವನನ್ನು ಬಾಗಲಕೋಟೆಗೆ ಕರೆತಂದು ನವನಗರದ ಕಣ್ಣಿನ ವೈದ್ಯರಿಗೆ ತೋರಿಸಿದೆ. ಅವಳು ಬೇಡವೆನ್ನಲಿಲ್ಲ. ವೈದ್ಯರು ಎರಡು ಸಲ ಪರೀಕ್ಷೆ ಮಾಡಿದರು. ಇದು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಏರಿ, ನೋವಿಲ್ಲದೆ, ದೃಷ್ಟಿಯ ನರ ಒಣಗುತ್ತ ಹೋಗುತ್ತದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಹನಿ ಹಾಕಿ ಕಾಯಬೇಕು.

"ಎರಡು ವರ್ಷದ ಹಿಂದೆ ಬಂದಿದ್ದರೆ?" ಎಂದೆ. ಕೇಳುವುದು ರೂಢಿ.

"ಬಲಗಣ್ಣಿನದು ಬಹಳಷ್ಟು ಉಳೀತಿತ್ತು" ಎಂದರು.

ಅವ್ವ ವೈದ್ಯರಿಗೆ ಒಂದೇ ಪ್ರಶ್ನೆ ಕೇಳಿದಳು. "ಕೊಂಡಿ ಹಾಕಬಹುದಲ್ರಿ?" ವೈದ್ಯರು ನನ್ನ ಮುಖ ನೋಡಿದರು. ಕೊಂಡಿ ಏನೆಂದು ನಾನು ಹೇಳಿದೆ. ಹಾಕಬಹುದು ಎಂದರು.

ದವಾಖಾನೆಯ ಹೊರಗಿನ ಮೆಟ್ಟಿಲ ಮೇಲೆ, ಆಟೋ ಬರುವವರೆಗೆ, ನಾವಿಬ್ಬರೇ ಕೂತಿದ್ದೆವು. ಆಗ ಕೇಳಿದೆ.

"ನನಗ ಯಾಕ ಹೇಳಲಿಲ್ಲವಾ?"

"ಮೊದಲ ವಯಸ್ಸಿಂದು ಅನ್ಕೊಂಡೆ. ಹೇಳೂಣಂತ ಇದ್ದೆ. ಅಷ್ಟರಾಗ ನೀ ಫೋಟೊದವನ್ನ ಕರಕೊಂಡ ಬಂದಿ. ಬರದಿ. ಸಾವುಕಾರರು ಕಟ್ಟ ಹಾಕಿಸಿದರು. ಕಣ್ಣ ಬ್ಯಾಡ, ಕೈ ಅಷ್ಟ ಸಾಕು ಅಂತ ಬರದೀಯಂತ, ಓದಿ ಹೇಳಿದ್ರು. ಆಮ್ಯಾಲ ನಾ ಏನ ಹೇಳ್ಲಿ? ಇಕೀಗೆ ಕಣ್ಣ ಕಾಣೂದಿಲ್ಲ, ಬಣ್ಣದ ಎಳಿ ಸೊಸಿ ನೋಡಿ ಹಾಕ್ತಾಳ ಅಂತ ಊರಿಗೆ ಗೊತ್ತಾದ್ರ ನೀ ಬರದದ್ದು ಸುಳ್ಳಾಗೂದಿಲ್ಲೇನು?"

"ಆದ್ರ ಆಗವಲ್ದ್ಯಾಕ?"

"ಆಗವಲ್ದ್ಯಾಕ ಅಂತೀಯಲ್ಲ! ನೀನ ಹೇಳಿದ್ದಿ. ಒಂದ ತಪ್ಪ ಅಚ್ಚಾದ್ರ ಮನಿಗೆ ಕಳಸ್ತಾರ ಅಂತ. ನೌಕರಿ ಸೇರಿದ ವರ್ಷ, ಕಟ್ಟಿಮ್ಯಾಲ ಕುಂತ, ನಿಮ್ಮಪ್ಪನ ಮುಂದ ಹೇಳಿದ್ದಿ."

ಹೇಳಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮನೆಯಲ್ಲಿ ಆಡುವ ಮಾತು. ಅಪ್ಪ ಆಗ ಬದುಕಿದ್ದ, ಕೇಳಿ ತಲೆಯಾಡಿಸಿದ್ದ. ನಾನು ಆ ಮಾತನ್ನು ಮರೆತೇ ಬಿಟ್ಟಿದ್ದೆ.

"ಯಾರೂ ಕಳಸ್ತಿದ್ದಿಲ್ಲವಾ" ಎಂದೆ.

"ನನಗೇನ ಗೊತ್ತ, ನಿಮ್ಮ ಆಫೀಸಿನ ರೀತಿ?" ಎಂದಳು.

ಸ್ವಲ್ಪ ಹೊತ್ತಿನ ಮೇಲೆ, ದೋಣಿಯಲ್ಲಿ ಅವಳಿಗೆ ಏನಾದರೂ ಕಂಡಿತೇ ಎಂದು ಕೇಳಿದೆ.

"ಒಂದು ಕಂಡ್ತು. ಬೆನ್ನ ಅಷ್ಟ. ಕರೇ ಕಲ್ಲಿಗೆ ಪಾಲಿಶ್ ಮಾಡೂಮುಂದ ನೀರ ಬಿಡ್ತಾರಲ್ಲ, ಹಂಗ ಇತ್ತು. ಮುಳುಗಿತು."

ಅವು ಬೂದು ಬಣ್ಣದವು. ಒದ್ದೆಯಾದಾಗ ಬೂದು ಕಪ್ಪಾಗಿ ಕಾಣಬಹುದು. ಬಲಗಣ್ಣಿನ ಆ ಕಿಂಡಿಯಲ್ಲಿ ಅಷ್ಟು ದೂರದ್ದು ಕಾಣಲು ಸಾಧ್ಯವೇ ಎಂದು ಮುಂದಿನ ಭೇಟಿಯಲ್ಲಿ ವೈದ್ಯರನ್ನು ವಿಚಾರಿಸಿದೆ. ಸರಿಯಾಗಿ ಅದರ ನೇರಕ್ಕೆ ನೋಡಿದ್ದರೆ ಸಾಧ್ಯ, ಇಲ್ಲದಿದ್ದರೆ ಇಲ್ಲ ಎಂದರು. ಅವಳು ಎಲ್ಲಿಗೆ ನೋಡುತ್ತಿದ್ದಳು ಎಂಬುದನ್ನು ನಾನು ಬರೆದುಕೊಂಡಿಲ್ಲ. ಆ ಹೊತ್ತಿನಲ್ಲಿ ನಾನು ಅವಳ ಭುಜದ ಮೇಲಿನ ಎರಡು ಬೆರಳನ್ನು ನೋಡುತ್ತಿದ್ದೆ.

ಅಣ್ಣನಿಗೆ ನಾನೇ ಹೇಳಿದೆ. ಅವನು ವೈನಿಯ ಜೊತೆ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಅವ್ವ, "ಅಕಿ ನನ್ನ ಕಣ್ಣಾಗಿದ್ಲು, ನೀ ಅಕಿಗೆ ಬಾಯಿಲ್ಲದಂಗ ಮಾಡಬ್ಯಾಡ" ಎಂದ ಮೇಲೆ ಮಾತಾಡಿಸಿದ. ಚಾಚಿ ಸುದ್ದಿ ಕೇಳಿ ನಮ್ಮ ಮನೆಗೆ ಬಂದು, ಅವ್ವನ ಮುಂದೆ ಕೂತು, ಮೊದಲ ಸಲ ಏನೂ ಮಾತಾಡದೆ ಹೋದಳು ಎಂದು ವೈನಿ ಹೇಳಿದರು. ಮರುದಿನದಿಂದ ತನ್ನ ಮನೆಯ ಎಳೆಗಳನ್ನೂ ತಂದು ಅವ್ವನ ಬಲಗಡೆ ಕೂತು ಕೊಂಡಿ ಹಾಕುತ್ತಾಳಂತೆ.

ಆ ತಿಂಗಳೇ ನಾನೊಂದು ತಿದ್ದುಪಡಿ ಬರೆದೆ. "ಕೊಂಡಿ ಹಾಕುವವರ ಕುರಿತ ಲೇಖನದ ಚಿತ್ರದಲ್ಲಿರುವ ಮಹಿಳೆಗೆ ಆಗಲೇ ಎಡಗಣ್ಣು ಕಾಣುತ್ತಿರಲಿಲ್ಲ. ಬಣ್ಣದ ಎಳೆಗಳನ್ನು ಅವರ ಸೊಸೆ ನೋಡಿ ಹಾಕುತ್ತಿದ್ದರು. 'ಕಣ್ಣು ಬೇಡದ ಕೈ' ಎಂಬ ಅಡಿಬರಹ ತಪ್ಪು." ಅದನ್ನು ಡೆಸ್ಕಿನ ಮುಖ್ಯಸ್ಥರಿಗೆ ಕೊಟ್ಟೆ. ಓದಿ, ಯಾರಾದರೂ ತಕರಾರು ಮಾಡಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಎರಡು ವರ್ಷದ ಹಿಂದಿನ ಪುಟ, ತಕರಾರೂ ಇಲ್ಲ, ಇದನ್ನು ಎಲ್ಲಿ ಹಾಕುವುದು ಎಂದರು. ಹಾಳೆ ವಾಪಸು ಕೊಟ್ಟರು. ಅದು ಟಿಪ್ಪಣಿ ಪುಸ್ತಕದಲ್ಲಿ, ಡಾಲ್ಫಿನ್ ಪುಟದ ಎದುರಿಗೆ ಇದೆ.

ಸಾವುಕಾರರ ಅಂಗಡಿಗೂ ಹೋಗಿದ್ದೆ. ಆ ಕಟ್ಟನ್ನು ಇಳಿಸಿ ಎಂದು ಕೇಳಿಕೊಂಡೆ. ಅವರಿಗೆ ವಿಷಯ ತಿಳಿದಿತ್ತು. ಕಣ್ಣೊರೆಸಿಕೊಂಡರು. "ಈಗ ಇಳಿಸಿದ್ರ ನಿಮ್ಮ ತಾಯಿಗೆ ಬ್ಯಾಸರ ಆಗೂದಿಲ್ಲೇನ್ರಿ?" ಎಂದರು. ಅವ್ವನನ್ನು ಕೇಳಿ ಬಂದು ಹೇಳುತ್ತೇನೆ ಎಂದೆ. ಕೇಳಿದೆ. "ಇರಲಿ ಬಿಡು" ಎಂದಳು.

ದಿನಕ್ಕೆ ಎರಡು ಸಲ ಹನಿ ಹಾಕುವುದು ವೈನಿ. ಈ ತಿಂಗಳ ತಪಾಸಣೆಯಲ್ಲಿ ಬಲಗಣ್ಣಿನ ಕಿಂಡಿ ಮೊದಲಿಗಿಂತ ಕಿರಿದಾಗಿದೆ ಎಂದರು. ಮುಂದಿನ ತಪಾಸಣೆ ಮೂರು ತಿಂಗಳ ಮೇಲೆ. ಕಟ್ಟು ಅಂಗಡಿಯ ಗೋಡೆಯ ಮೇಲಿದೆ.

ನಿನ್ನೆ ವೈನಿ ಫೋನ್ ಮಾಡಿದ್ದರು. ಬೆಳಿಗ್ಗೆ ಅವ್ವ ಒಂದು ಸೀರೆಯ ಕೊಂಡಿ ಮುಗಿಸಿದಳು. ಅಂಚಿನ ಎಳೆಗಳನ್ನು ವೈನಿ ಹಾಕಿದರು. ಮಧ್ಯಾಹ್ನದಿಂದ ಅಣ್ಣ ಅದನ್ನು ನೇಯುತ್ತಿದ್ದಾನೆ.